ಘಟ್ಟವೇರಿ ಬಂದ ಹಬ್ಬದ ಸಾನ್ನ

ಶತಮಾನೋತ್ಸವದ ಸ್ಮರಣ ಸಂಚಿಕೆ ಎಂದರೆ ದೇವಾಲಯದ ಅಸ್ತಿಭಾರ, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದಾನಿಗಳ ನಾಮಾವಳಿ ಇವೇ ಮೊದಲಾದವು ಇರತಕ್ಕವು. ಈ ಸಂಚಿಕೆಯಲ್ಲಿಯೂ ಅವೆಲ್ಲ ತಕ್ಕ ಸ್ಥಾನದಲ್ಲಿ ಅಚ್ಚಾಗಿವೆ. ಆದರೆ ಇದರ ಸಿದ್ಧತೆಗಾಗಿ ಜ್ಞಾನಸ್ನಾನ, ವಿವಾಹ ಹಾಗೂ ಮರಣಗಳ ಹಳೆಯ ದಾಖಲೆ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾಗ ನಮಗೊಂದು ಕೊರತೆ ಎದ್ದು ಕಂಡಿತು. ನಮ್ಮ ತಾಯಂದಿರ ಹೆಸರುಗಳು ಆ ಪುಸ್ತಕಗಳಲ್ಲಿವೆ. ಅವರ ಕೈಕೆಲಸದ ಸುದ್ದಿ ಎಲ್ಲಿಯೂ ಇಲ್ಲ. ಈ ನೂರು ವರ್ಷಗಳಲ್ಲಿ ವರ್ಷವರ್ಷವೂ ಕ್ರಿಸ್ತಜಯಂತಿಯ ಹಿಂದಿನ ಇರುಳು ಅಕ್ಕಿ ರುಬ್ಬಿ, ಹಿಟ್ಟು ಉಬ್ಬುವುದನ್ನು ಕಾದು ಕುಳಿತವರ ಇತಿಹಾಸವನ್ನು ಯಾರೂ ಬರೆದಿಡಲಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವ ಸಲುವಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮನೆಗಳಲ್ಲಿ ಹಬ್ಬದ ರೊಟ್ಟಿಯ ಸ್ಥಾನ ಪಡೆದಿರುವ ಸಾನ್ನದ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಸಾನ್ನವನ್ನು ಕಾಣದ ಕ್ರೈಸ್ತ ಮನೆ ನಮ್ಮಲ್ಲಿ ವಿರಳ. ಕೊಂಕಣಿಯಲ್ಲಿ ‘ಸಾನ್ನಾಂ’ ಎನ್ನುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಳ್ಳು ಬೆರೆಸಿ ಉಬ್ಬಿಸಿ, ಸಣ್ಣ ಬಟ್ಟಲುಗಳಲ್ಲಿ ಎರೆದು ಹಬೆಯಲ್ಲಿ ಬೇಯಿಸಿದ ತಿನಿಸು ಅದು. ಗೋವೆಯಲ್ಲಿ ಅಕ್ಕಿಯ ಜೊತೆಗೆ ತೆಂಗಿನಕಾಯಿ ರುಬ್ಬುವುದುಂಟು. ಮಂಗಳೂರಿನ ಕಡೆಯವರು ಒಂದಿಷ್ಟು ಉದ್ದು ಸೇರಿಸುತ್ತಾರೆ. ಮಾಂಸದ ಸಾರಿನೊಡನೆ ತಿನ್ನುವ ಸಾನ್ನಕ್ಕೆ ಸಕ್ಕರೆ ಚಿಟಿಕೆಯಷ್ಟೇ ಸಾಕು. ಮಕ್ಕಳಿಗಾಗಿ ಬೆಲ್ಲ ಬೆರೆಸಿ, ಇಲ್ಲವೇ ನಡುವೆ ಬೆಲ್ಲ ಮತ್ತು ಕಾಯಿತುರಿಯ ಹೂರಣವಿಟ್ಟು ಮಾಡುವ ಸಿಹಿ ಸಾನ್ನ ಬೇರೆ. ನೋಟಕ್ಕೆ ಇದು ಇಡ್ಲಿಯ ತಂಗಿ. ‘ವಡ್ಡಾರಾಧನೆ’ಯಂಥ ಹಳಗನ್ನಡ ಗ್ರಂಥದಲ್ಲಿಯೇ ‘ಇಡ್ಡಲಿಗೆ’ಯ ಹೆಸರು ಬರುವುದರಿಂದ ಈ ಬಂಧುತ್ವ ನಮಗೆ ಅಗೌರವದ್ದೇನೂ ಅಲ್ಲ. ವ್ಯತ್ಯಾಸವಿರುವುದು ಹುಳಿಯಲ್ಲಿ. ಇಡ್ಲಿಯ ಹಿಟ್ಟು ರಾತ್ರಿ ಕಳೆದು ತಾನಾಗಿ ಹುಳಿಯುತ್ತದೆ. ಸಾನ್ನಕ್ಕೆ ಹೊರಗಿನಿಂದ ಹುಳಿ ತರಬೇಕು. ನಮ್ಮ ಕಥೆಯೆಲ್ಲ ಆ ‘ತರಬೇಕು’ ಎಂಬ ಒಂದು ಮಾತಿನಲ್ಲಿ ಅಡಗಿದೆ.

ಪೀಠದ ರೊಟ್ಟಿ, ಮನೆಯ ರೊಟ್ಟಿ

ಯೂರೋಪಿನ ಕ್ರೈಸ್ತ ನಾಡುಗಳಲ್ಲಿ ಹಬ್ಬಕ್ಕೆ ಗೋಧಿಹಿಟ್ಟಿನ ಸಿಹಿರೊಟ್ಟಿಯನ್ನು ಉಬ್ಬಿಸಿ ಸುಡುವ ವಾಡಿಕೆ ಬಹು ಹಳೆಯದು. ಪೋರ್ತುಗಲ್ಲಿನವರು ಪಾಸ್ಖ ಹಬ್ಬಕ್ಕೆ ಇಡೀ ಮೊಟ್ಟೆಯನ್ನು ಹುದುಗಿಸಿದ ‘ಫೊಲಾರ್’ ಮಾಡುತ್ತಾರೆ. ಇಟಲಿಯ ಮಿಲಾನಿನವರು ಕ್ರಿಸ್ತಜಯಂತಿಗೆ ‘ಪಾನೆತ್ತೋನೆ’ ಮಾಡುತ್ತಾರೆ. ಜರ್ಮನಿಯ ಡ್ರೆಸ್ಡೆನ್ನಿನವರದು ‘ಸ್ಟೋಲನ್’. ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಉಪವಾಸದಲ್ಲಿ ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಆ ಸ್ಟೋಲನ್ ರೊಟ್ಟಿ ಬಹುಕಾಲ ಒಣಗಿದಂತೆಯೇ ಇತ್ತಂತೆ. ಸಾಕ್ಸನಿಯ ರಾಜಕುಮಾರರು ರೋಮಿಗೆ ಬರೆದುಕೊಳ್ಳಲಾಗಿ ೧೪೯೧ರಲ್ಲಿ ಎಂಟನೆಯ ಇನ್ನೊಸೆಂಟ್ ಪೋಪರು ಬೆಣ್ಣೆಯ ಬಳಕೆಗೆ ಅನುಮತಿ ಕೊಟ್ಟರು. ಅದು ‘ಬೆಣ್ಣೆಯ ಪತ್ರ’ವೆಂದೇ ಪ್ರಸಿದ್ಧ. ನಮ್ಮ ಸಾನ್ನದ ಕಳ್ಳಿಗೆ ಯಾವ ಪೋಪರ ಪತ್ರವೂ ಬರಲಿಲ್ಲ, ಬೇಕಾಗಲೂ ಇಲ್ಲ.

ಬಲಿಪೀಠದ ರೊಟ್ಟಿಯ ವಿಚಾರ ಬೇರೆ. ಪರಮಪ್ರಸಾದದ ರೊಟ್ಟಿ ಅಪ್ಪಟ ಗೋಧಿಯದೇ ಆಗಿರತಕ್ಕದ್ದು, ಲತೀನ್ ವಿಧಿಯಲ್ಲಿ ಅದು ಹುಳಿಯಿಲ್ಲದ್ದೂ ಆಗಿರತಕ್ಕದ್ದು ಎಂದು ೧೯೮೩ರ ಧರ್ಮಸಭಾ ಕಾನೂನು ಸಂಹಿತೆ ವಿಧಿಸುತ್ತದೆ. ಹಳೆಯ ಹುಳಿಯನ್ನು ತೆಗೆದುಹಾಕಿರೆಂದು ಸಂತ ಪೌಲರು ಕೊರಿಂಥದವರಿಗೆ ಬುದ್ಧಿ ಹೇಳಿದ್ದನ್ನು ನಾವು ಬಲ್ಲೆವು. ಆದರೆ ಯೇಸುಸ್ವಾಮಿಯೇ ಸ್ವರ್ಗಸಾಮ್ರಾಜ್ಯವನ್ನು ಹೆಂಗಸೊಬ್ಬಳು ಹಿಟ್ಟಿನಲ್ಲಿ ಅಡಗಿಸಿಟ್ಟ ಹುಳಿಗೆ ಹೋಲಿಸಿದರೆಂಬುದನ್ನೂ ಸಂತ ಮತ್ತಾಯರ ಶುಭಸಂದೇಶದಿಂದ ಬಲ್ಲೆವು. ಹೀಗೆ ಪೀಠದ ಮೇಲೆ ಹುಳಿಯಿಲ್ಲದ ಗೋಧಿಯೂ ಮನೆಯ ಮೇಜಿನ ಮೇಲೆ ಹುಳಿಯಿಟ್ಟ ಅಕ್ಕಿಯೂ ಒಂದೇ ಹಬ್ಬದ ಎರಡು ರೊಟ್ಟಿಗಳಾಗಿ ನಮ್ಮಲ್ಲಿ ನೆಲೆನಿಂತವು.

ಗೋವೆಯಿಂದ ಕೆಳದಿಯ ನಾಡಿಗೆ

೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರಿಗೆ ಗೋಧಿರೊಟ್ಟಿ ಬೇಕಿತ್ತು. ಅದನ್ನು ಉಬ್ಬಿಸುವ ಹುಳಿ ಇಲ್ಲಿ ದೊರೆಯುತ್ತಿರಲಿಲ್ಲ. ಆಗ ನೆರವಿಗೆ ಬಂದುದು ತೆಂಗಿನ ಕಳ್ಳು. ಗೋವೆಯ ಸಾಷ್ಟಿ ಪ್ರದೇಶದ ಕ್ರೈಸ್ತ ರೊಟ್ಟಿಗಾರರು ಕಳ್ಳಿನಿಂದ ಹಿಟ್ಟು ಉಬ್ಬಿಸುವ ಕಸುಬಿನಲ್ಲಿ ಹೆಸರಾದರು. ಬಡವರ ಮನೆಗೆ ಗೋಧಿ ದುಬಾರಿ. ಅಕ್ಕಿ, ತೆಂಗು, ಕಳ್ಳು ಮೂರೂ ಹಿತ್ತಲಿನವೇ. ಆದುದರಿಂದ ಊರ ಹಬ್ಬಕ್ಕೂ ಮದುವೆಗೂ ಕ್ರಿಸ್ತಜಯಂತಿಗೂ ಸಾನ್ನವೇ ಗತಿಯಾಯಿತು, ಗೌರವವೂ ಆಯಿತು.

ಆ ಕಾಲದಲ್ಲಿ ಗೋವೆಯ ಊಟದ ಅಕ್ಕಿ ಬಹುಮಟ್ಟಿಗೆ ನಮ್ಮ ಕನ್ನಡ ಕರಾವಳಿಯಿಂದಲೇ ಹಡಗೇರಿ ಹೋಗುತ್ತಿತ್ತು. ಆ ಕರಾವಳಿಯನ್ನು ಆಳುತ್ತಿದ್ದವರು ಘಟ್ಟದ ಮೇಲಿನ ಕೆಳದಿಯ ನಾಯಕರು. ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು ಎಂಬ ಈಗಿನ ನಗರ, ಇವು ಒಂದಾದ ಮೇಲೊಂದರಂತೆ ಅವರ ರಾಜಧಾನಿಗಳು. ೧೬೨೩ರಲ್ಲಿ ಗೋವೆಯ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವೇರಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕರ ಆಸ್ಥಾನವನ್ನು ಕಂಡು ಬರೆದಿಟ್ಟ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ರೋಮ್ ನಗರದ ಕಥೋಲಿಕನೇ. ನಾಯಕರಿಗೂ ಪೋರ್ತುಗೀಜರಿಗೂ ಯುದ್ಧಗಳೂ ನಡೆದವು, ಒಪ್ಪಂದಗಳೂ ಆದವು. ರಾಣಿ ಚೆನ್ನಮ್ಮಾಜಿಯವರ ಕಾಲದಲ್ಲಿ, ೧೬೭೮ರ ಒಪ್ಪಂದದ ಪ್ರಕಾರ, ಕರಾವಳಿಯ ಹೊನ್ನಾವರ, ಮಿರ್ಜಾನ, ಚಂದಾವರ, ಕಲ್ಯಾಣಪುರಗಳಲ್ಲಿ ದೇವಾಲಯ ಕಟ್ಟಿಕೊಳ್ಳಲು ಕ್ರೈಸ್ತರಿಗೆ ಅನುಮತಿ ದೊರೆಯಿತು. ವೀರಶೈವ ಧರ್ಮದ ಅರಸು ಮನೆತನವೊಂದು ಅನ್ಯಧರ್ಮದವರಿಗೆ ನೆಲ ಬಿಟ್ಟುಕೊಟ್ಟ ಈ ಉಪಕಾರವನ್ನು ಈ ನಾಡಿನ ಕ್ರೈಸ್ತರಾದ ನಾವು ಮರೆಯಲಾಗದು.

ಗೋವೆಯ ಧರ್ಮವಿಚಾರಣೆಯ ಕಾಠಿಣ್ಯ, ತೆರಿಗೆ, ಬರ ಹಾಗೂ ೧೬೮೩ರಲ್ಲಿಯೂ ೧೭೩೯ರ ಸುಮಾರಿನಲ್ಲಿಯೂ ನಡೆದ ಮರಾಠರ ದಾಳಿಗಳು ಜನರನ್ನು ತಂಡತಂಡವಾಗಿ ದಕ್ಷಿಣಕ್ಕೆ ಸರಿಸಿದವು. ಅಕ್ಕಿ ಯಾವ ದಾರಿಯಲ್ಲಿ ಗೋವೆಗೆ ಹೋಗುತ್ತಿತ್ತೋ ಆ ದಾರಿಯಲ್ಲಿಯೇ ಜನ ಇತ್ತ ಬಂದರು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ೧೭೮೪ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. ಉಳಿದವರು ೧೭೯೯ರ ಬಳಿಕ ಮರಳಿದರು. ಮನೆ, ಹೊಲ, ದೇವಾಲಯ ಮೂರನ್ನೂ ಕಳೆದುಕೊಂಡಿದ್ದವರು ಹಬ್ಬದ ಅಡಿಗೆಯನ್ನು ಮಾತ್ರ ನೆನಪಿನಲ್ಲಿ ಉಳಿಸಿಕೊಂಡಿದ್ದರು.

ಅಂಥವರ ಸಂತತಿಯವರೇ ಮುಂದೆ ಆಗುಂಬೆ, ಹುಲಿಕಲ್ಲು, ಕೊಲ್ಲೂರು, ಗೇರುಸೊಪ್ಪೆಗಳ ಘಟ್ಟಗಳನ್ನು ಹತ್ತಿ ನಮ್ಮ ಮೂರು ತಾಲ್ಲೂಕುಗಳಿಗೆ ಬಂದರು. ಅಡಿಕೆ ತೋಟದ ಕೆಲಸ, ಮರಗೆಲಸ, ಗಾರೆ ಕೆಲಸ, ಗಾಡಿ ಹೊಡೆಯುವುದು, ಚಿಕ್ಕ ವ್ಯಾಪಾರ ಇವು ಅವರ ಜೀವನೋಪಾಯಗಳು. ಹಿರೇಭಾಸ್ಕರ ಅಣೆಕಟ್ಟಿಗೂ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೂ ಜೋಗದ ವಿದ್ಯುದಾಗಾರಕ್ಕೂ ದುಡಿಯಬಂದವರಲ್ಲಿ ನಮ್ಮವರೂ ಇದ್ದರು. ಆಗಿನ ಮೈಸೂರು ಧರ್ಮಪ್ರಾಂತ್ಯದ ಗುರುಗಳು, ೧೯೬೩ರ ಬಳಿಕ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಗುರುಗಳು, ೧೯೮೮ರಿಂದೀಚೆಗೆ ನಮ್ಮದೇ ಶಿವಮೊಗ್ಗ ಧರ್ಮಪ್ರಾಂತ್ಯದ ಗುರುಗಳು ಅವರ ಆತ್ಮಗಳ ಪೋಷಣೆ ನಡೆಸಿದರು. ಅವರ ಹಬ್ಬದ ಹಿಟ್ಟಿಗೆ ಹುಳಿ ಒದಗಿಸಿದವರು ಯಾರು? ನಮ್ಮ ನೆರೆಯವರು.

ಬಗನಿ ಮರದ ಉಪಕಾರ

ಕರಾವಳಿಯಲ್ಲಿ ತೆಂಗಿನ ಕಳ್ಳು ಬಾಗಿಲಿಗೇ ಬರುತ್ತಿತ್ತು. ಮಲೆನಾಡಿನ ಕಾಡಂಚಿನಲ್ಲಿ ಅಂಥ ತೆಂಗಿನ ತೋಪುಗಳು ಎಲ್ಲಿ? ಇಲ್ಲಿದ್ದುದು ಬಗನಿ, ಅಂದರೆ ಬೈನೆ ಮರ. ಇದು ಹತ್ತಾರು ವರ್ಷ ಬೆಳೆದ ಮೇಲೆ ತುದಿಯಿಂದ ಕೆಳಗೆ ಒಂದೊಂದಾಗಿ ಗೊನೆ ಬಿಡುತ್ತ ಬಂದು, ಕೊನೆಯ ಗೊನೆ ಮುಗಿದೊಡನೆ ಸಾಯುವ ಮರ. ಬರಗಾಲದಲ್ಲಿ ಇದರ ತಿರುಳಿನ ಹಿಟ್ಟನ್ನೇ ಉಂಡು ಬದುಕಿದವರುಂಟು. ಗೊನೆಯನ್ನು ಕೊಯ್ದು, ಬೆಳಿಗ್ಗೆ ಸಂಜೆ ಏರಿ ಇಳಿದು ರಸ ಇಳಿಸುವ ವಿದ್ಯೆ ನಮ್ಮ ಜನಕ್ಕೆ ತಿಳಿಯದು. ಅದನ್ನು ತಲೆಮಾರುಗಳಿಂದ ಬಲ್ಲವರು ಕರಾವಳಿಯಲ್ಲಿ ಬಿಲ್ಲವರು, ಘಟ್ಟದ ಮೇಲೆ ಈಡಿಗರು ಮತ್ತು ಹಳೆಪೈಕ ದೀವರು. ಈ ದೀವರಲ್ಲಿ ಬಹುಮಂದಿ ಬೇಸಾಯದವರು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಭತ್ತ ಅಳೆಯುವ ಕೊಳಗದ ನ್ಯಾಯಕ್ಕಾಗಿ ಸತ್ಯಾಗ್ರಹ ಹೂಡಿದ ಗೇಣಿದಾರರಲ್ಲಿ ಹೆಚ್ಚಿನವರು ಇವರೇ. ಅಂದ ಮೇಲೆ ನಮ್ಮ ಹಬ್ಬದ ರೊಟ್ಟಿಯ ಅಕ್ಕಿಯ ಹಿಂದೆಯೂ ಹುಳಿಯ ಹಿಂದೆಯೂ ಅದೇ ನೆರೆಯವರ ಬೆವರು ಇತ್ತು.

ಕಳ್ಳಿಗೂ ಹೊತ್ತುಗೊತ್ತುಂಟು. ಮುಂಜಾನೆ ಇಳಿಸಿದ್ದು ಸಿಹಿ. ಸಂಜೆಗೆ ಹುಳಿಯೇರಿದ್ದನ್ನು ಬೆರೆಸಿದರೆ ಸಾನ್ನ ಬಾಯಿಗಿಡಲಾಗದು. ಹೂವಿನ ರಸದ ಸಕ್ಕರೆಯನ್ನು ಕಣ್ಣಿಗೆ ಕಾಣದ ಜೀವಾಣುಗಳು ತಿಂದು ವಾಯುವನ್ನು ಬಿಡುವುದರಿಂದ ಹಿಟ್ಟು ಉಬ್ಬುತ್ತದೆಂಬುದನ್ನು ೧೮೫೭ರಿಂದ ಮುಂದಿನ ವರ್ಷಗಳಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರ್ ಮಹಾಶಯರು ವಿಶದಪಡಿಸಿದರು. ನಮ್ಮ ತಾಯಂದಿರು ಆ ಶಾಸ್ತ್ರ ಓದಿರಲಿಲ್ಲ, ಆದರೆ ಅದರ ವ್ಯವಹಾರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕರಾವಳಿಯ ಸೆಕೆಯಲ್ಲಿ ಎರಡು ಮೂರು ಗಂಟೆಗೆ ಉಬ್ಬುವ ಹಿಟ್ಟು ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಅಲುಗುವುದೇ ಇಲ್ಲ. ಆದಕಾರಣ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಬದಿಯ ಬೆಚ್ಚನೆಯ ಬೂದಿಯ ಹತ್ತಿರವೋ ಹುಲ್ಲಿನ ನಡುವೆಯೋ ಇಟ್ಟು, ಇರುಳಲ್ಲಿ ಎರಡೆರಡು ಸಲ ಎದ್ದು ನೋಡುತ್ತಿದ್ದರು. ಗೋಧಿಹಿಟ್ಟಿಗಿರುವ ಜಿಗುಟು ಅಕ್ಕಿಗಿಲ್ಲ. ಹಿಟ್ಟು ತೆಳುವಾದರೆ ವಾಯು ಹಾರಿಹೋಗಿ ಸಾನ್ನ ಚಪ್ಪಟೆಯಾಗುತ್ತದೆ, ಗಟ್ಟಿಯಾದರೆ ಉಬ್ಬಲಾರದು. ಉಬ್ಬಿದ ಮೇಲೆ ಸೌಟಿನಿಂದ ಕದಡಬಾರದು. ಮೇಲಿನಿಂದ ಮೆಲ್ಲನೆ ತೆಗೆದು ಎರೆಯಬೇಕು.

೧೯೧೭ರ ಧರ್ಮಸಭಾ ಕಾನೂನಿನಂತೆ ಆಗ ಕ್ರಿಸ್ತಜಯಂತಿಯ ಹಿಂದಿನ ದಿನ ಉಪವಾಸವೂ ಮಾಂಸವರ್ಜನೆಯೂ ಕಡ್ಡಾಯವಾಗಿದ್ದವು. ಮನೆಯಲ್ಲಿ ಹಿಟ್ಟು ಉಬ್ಬುವ ದಿನವೇ ಹೊಟ್ಟೆಗೆ ಬಿಡುವು! ನಡುರಾತ್ರಿಯ ಬಲಿಪೂಜೆಗೆ ದೊಂದಿ ಹಿಡಿದು ಮೈಲಿಗಟ್ಟಲೆ ನಡೆದುಬಂದು, ಮನೆಗೆ ಮರಳಿ, ಮೊದಲ ಪಾತ್ರೆಯ ಸಾನ್ನ ತೆಗೆದಾಗ ಏಳುತ್ತಿದ್ದ ಹಬೆಯನ್ನು ನೆನೆದು ಇಂದಿಗೂ ನಮ್ಮ ಹಿರಿಯರ ಕಣ್ಣು ತುಂಬುವುದನ್ನು ಕಂಡಿದ್ದೇವೆ.

ನಮ್ಮಿಂದಾದ ಒಂದು ತಪ್ಪು

ಇತಿಹಾಸ ಬರೆಯುವವನು ತನ್ನ ತಪ್ಪನ್ನು ಮಾತ್ರ ಬಿಟ್ಟು ಬರೆಯಬಾರದು. ಗುರುದೀಕ್ಷೆ ಪಡೆದ ಹೊಸತರಲ್ಲಿ, ೧೯೯೦ರ ದಶಕದಲ್ಲಿ, ಈ ಸೀಮೆಯ ಚಿಕ್ಕ ಧರ್ಮಕೇಂದ್ರವೊಂದರಲ್ಲಿ ನಾವು ಸೇವೆಯಲ್ಲಿದ್ದೆವು. ಕುಡಿತದಿಂದ ಹಾಳಾದ ಮನೆಗಳನ್ನು ಕಣ್ಣಾರೆ ಕಂಡು, ತಪಸ್ಸುಕಾಲದ ಪ್ರಬೋಧನೆಯಲ್ಲಿ ಕಳ್ಳು ಯಾವ ನೆಪದಿಂದಲೂ ಕ್ರೈಸ್ತರ ಹೊಸ್ತಿಲು ದಾಟಕೂಡದೆಂದು ಕಠಿಣವಾಗಿ ನುಡಿದೆವು. ಕುಡಿತದ ವಿಷಯದಲ್ಲಿ ಆಡಿದ ಆ ನುಡಿಯನ್ನು ಇಂದಿಗೂ ಹಿಂತೆಗೆದುಕೊಳ್ಳೆವು. ಆದರೆ ಅದೇ ವರ್ಷದ ಕ್ರಿಸ್ತಜಯಂತಿಯಲ್ಲಿ ಮನೆಗಳ ಭೇಟಿಗೆ ಹೋದಾಗ ವೃದ್ಧ ತಾಯಿಯೊಬ್ಬರು ನಮ್ಮ ಮುಂದಿಟ್ಟ ಸಾನ್ನ ಬಿಲ್ಲೆಯಂತೆ ಗಟ್ಟಿಯಾಗಿತ್ತು. ನಾವು ಕೇಳುವ ಮೊದಲೇ ಅವರು ಹೇಳಿದರು: “ನೀವು ಬೇಡವೆಂದಿರಿ ಸ್ವಾಮಿ, ನಾನು ತರಿಸಲಿಲ್ಲ. ಸಾನ್ನ ಕೆಟ್ಟರೆ ಕೆಡಲಿ. ಆ ಮರ ಹತ್ತುವವರ ಮನೆಯಿಂದ ಭೂಮಿ ಹುಣ್ಣಿಮೆಗೆ ಕಡುಬು ಬಂತು. ಹಬ್ಬಕ್ಕೆ ಅವರಿಂದ ಚೊಂಬು ಕಳ್ಳು ತರಿಸಿ, ತಿರುಗಿ ಅದೇ ಕೈಯಲ್ಲಿ ಕುಸ್ವಾರ್ ತಟ್ಟೆ ಕಳಿಸುತ್ತಿದ್ದೆ. ನಿಮ್ಮದು ನಮಗೆ ಬೇಡ ಎಂದ ಮೇಲೆ ಈ ಸಲ ಯಾವ ಮುಖ ಹೊತ್ತು ತಟ್ಟೆ ಕಳಿಸಲಿ?”

ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನು ಓದಿ ಬಂದಿದ್ದ ನಮಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಕುಡುಕನ ಕೈಯ ಬಟ್ಟಲನ್ನು ಕಸಿಯಲು ಹೊರಟು ನಾವು ಎರಡು ಮನೆಗಳ ನಡುವಿನ ತಟ್ಟೆಯನ್ನೂ ಕಸಿದಿದ್ದೆವು. ಮುಂದಿನ ಭಾನುವಾರವೇ ಪೀಠದಿಂದ ತಿದ್ದಿ ಹೇಳಬೇಕಾಗಿತ್ತು. ಅಭಿಮಾನ ಅಡ್ಡ ಬಂತು. ಮುಂದಿನ ಹಬ್ಬದ ಹೊತ್ತಿಗೆ ನಮಗೆ ಬೇರೆಡೆಗೆ ವರ್ಗವಾಗಿತ್ತು. ಅಂದು ಹೇಳದೆ ಉಳಿದ ಮಾತನ್ನು ಇಂದು ಇಲ್ಲಿ ಬರೆದು ಒಪ್ಪಿಸುತ್ತಿದ್ದೇವೆ.

ಈಸ್ಟು, ವಟ್ಟೆಯಪ್ಪ, ಅಂಗಡಿಯ ಪೊಟ್ಟಣ

ಕಳ್ಳಿನ ಕಾಲ ಹೇಗೂ ಮುಗಿಯುತ್ತ ಬಂದಿತ್ತು. ಮದ್ರಾಸು ಪ್ರಾಂತ್ಯದಲ್ಲಿ ೧೯೪೮ರ ವೇಳೆಗೆ ಸಂಪೂರ್ಣ ಪಾನನಿರೋಧ ಜಾರಿಯಾದಾಗ ಅದಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಅಡಿಗೆಮನೆಗಳಿಗೂ ಅದರ ಬಿಸಿ ತಟ್ಟಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಕರಾವಳಿಯ ಎರಡು ಜಿಲ್ಲೆಗಳ ಹೊರತು ಉಳಿದೆಡೆ ಕಳ್ಳಿನ ಮಾರಾಟ ನಿಂತಿತು. ಅದರ ಸ್ಥಾನಕ್ಕೆ ಬಂದುದು ಒಣ ಈಸ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ರೊಟ್ಟಿ ಒದಗಿಸಲೆಂದು ಸಿದ್ಧಪಡಿಸಿದ ಆ ಕಾಳುಕಾಳಾದ ಪುಡಿ ಕ್ರಮೇಣ ನಮ್ಮ ಪೇಟೆಯ ಅಂಗಡಿಗೂ ಬಂತು. ಒಂದು ಕಿಲೋ ಅಕ್ಕಿಯ ಹಿಟ್ಟಿಗೆ ಒಂದು ಚಿಕ್ಕ ಚಮಚ ಸಾಕು. ಬೆರಳು ತಾಳುವಷ್ಟು ಬೆಚ್ಚನೆಯ ಸಕ್ಕರೆ ನೀರಿನಲ್ಲಿ ಅದನ್ನು ನೆನೆಸಬೇಕು, ನೀರು ಹೆಚ್ಚು ಸುಟ್ಟರೆ ಜೀವಾಣು ಸಾಯುತ್ತದೆ. ಕಳ್ಳಿನ ಪರಿಮಳ ಇದಕ್ಕಿಲ್ಲವೆಂದು ಹಿರಿಯರು ಗೊಣಗುತ್ತಾರೆ. ಅದು ನಿಜ. ಆದರೂ ಹಿಟ್ಟು ಉಬ್ಬುತ್ತದೆ.

ಕೇರಳದಿಂದ ಬಂದು ನಮ್ಮ ಮಲೆನಾಡಿನಲ್ಲಿ ಬೇಸಾಯಕ್ಕೆ ನೆಲೆನಿಂತ ಸಿರಿಯನ್ ಕ್ರೈಸ್ತ ಬಾಂಧವರು ತಮ್ಮದೇ ಹಬ್ಬದ ರೊಟ್ಟಿಯನ್ನು ತಂದರು. ಅವರ ‘ವಟ್ಟೆಯಪ್ಪ’ ಅಕ್ಕಿಹಿಟ್ಟು, ತೆಂಗಿನಕಾಯಿ, ಸಕ್ಕರೆ, ಏಲಕ್ಕಿಗಳನ್ನು ಕಳ್ಳು ಅಥವಾ ಈಸ್ಟಿನಿಂದ ಉಬ್ಬಿಸಿ ದುಂಡು ತಟ್ಟೆಯಲ್ಲಿ ಹಬೆಗಿಟ್ಟು ಮಾಡುವ ಸಿಹಿ ತಿನಿಸು. ನಮ್ಮ ಸಿಹಿ ಸಾನ್ನಕ್ಕೆ ಒಡಹುಟ್ಟಿದ್ದೆನ್ನಬೇಕು. ಪವಿತ್ರ ಗುರುವಾರದ ರಾತ್ರಿಯಾದರೋ ಅವರು ಹುಳಿಯಿಲ್ಲದ ‘ಪೆಸಹಾ ಅಪ್ಪ’ ಮಾಡಿ, ಅದರ ಮೇಲೆ ಗರಿಯ ಶಿಲುಬೆಯಿಟ್ಟು, ಮನೆಯ ಯಜಮಾನನು ಪ್ರಾರ್ಥಿಸಿ ಮುರಿದು ಹಂಚುತ್ತಾನೆ. ೨೦೦೭ರಲ್ಲಿ ಅವರ ಸಿರೊ ಮಲಬಾರ್ ವಿಧಿಗೆ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ವಿಧಿ ಬೇರೆಯಾದರೂ ಹಬೆ ಒಂದೇ.

ತೆಂಗಿನ ಕಳ್ಳು, ಬಗನಿಯ ಕಳ್ಳು, ಈಸ್ಟು ಎಂದು ಹುಳಿ ಎರಡು ಸಲ ಬದಲಾದರೂ ಸಾನ್ನ ಉಳಿಯಿತು. ಈಗ ಕಾಣುತ್ತಿರುವ ಬದಲಾವಣೆ ಬೇರೆ ಬಗೆಯದು. ಮಕ್ಕಳು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗಿದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು. ಇಬ್ಬರಿಗಾಗಿ ಯಾರು ರುಬ್ಬಿಯಾರು? ಸಾನ್ನವೂ ಕುಸ್ವಾರವೂ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತವೆ. ಕೊಂಡು ತಿನ್ನುವುದು ಪಾಪವಲ್ಲ. ಆದರೆ ಪೊಟ್ಟಣಕ್ಕೆ ಹಣ ಕೊಟ್ಟರೆ ಲೆಕ್ಕ ತೀರಿತು. ನೆರೆಮನೆಯಿಂದ ತಂದ ಹುಳಿಯ ಲೆಕ್ಕ ತೀರುವಂಥದಲ್ಲ. ಈ ನಾಲ್ಕು ಶತಮಾನಗಳಲ್ಲಿ ನಮ್ಮ ಹಬ್ಬದ ರೊಟ್ಟಿಯನ್ನು ನಾವು ಒಬ್ಬರೇ ಮಾಡಿಕೊಂಡದ್ದು ಎಂದೂ ಇಲ್ಲ ಎಂಬುದೇ ಈ ವೃತ್ತಾಂತದಿಂದ ನಾವು ಗ್ರಹಿಸಿದ ಸಾರ.

ಆದಕಾರಣ ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ಈ ವರ್ಷದಲ್ಲಿ ನಿಮ್ಮಲ್ಲಿ ನಮ್ಮದೊಂದು ವಿನಂತಿ. ಬರುವ ಕ್ರಿಸ್ತಜಯಂತಿಯ ಹಿಂದಿನ ದಿನ ಪ್ರತಿ ವಾರ್ಡಿನವರೂ ಒಂದೊಂದು ಮನೆಯಲ್ಲಿ ಸೇರಿ ಹಿಟ್ಟು ರುಬ್ಬಿರಿ. ಕೈಯಳತೆ ಬಲ್ಲ ಅಜ್ಜಿಯಂದಿರನ್ನು ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿರಿ. ಗಂಡುಮಕ್ಕಳೂ ಕಲಿಯಲಿ. ಮೊದಲ ಪಾತ್ರೆಯ ಸಾನ್ನ ಒಂಟಿಯಾಗಿರುವ ವೃದ್ಧರ ಮನೆಗೆ ಹೋಗಲಿ. ಎರಡನೆಯದು ಒಂದು ಕಾಲದಲ್ಲಿ ನಮಗಾಗಿ ಮರ ಹತ್ತಿದವರ ಮಕ್ಕಳ ಮನೆಗೆ, ನಮ್ಮ ಹಿಂದೂ, ಮುಸಲ್ಮಾನ ನೆರೆಯವರ ಮನೆಗೆ ಹೋಗಲಿ. ಮೂರನೆಯದು ನಿಮ್ಮ ಮೇಜಿಗೆ ಬರಲಿ. ಒಂದು ತಟ್ಟೆಯನ್ನು ಗುರುನಿವಾಸಕ್ಕೂ ಕಳುಹಿಸಿದರೆ ಬೇಡವೆನ್ನೆವು.

ಹಿಟ್ಟಿನಲ್ಲಿ ಅಡಗಿ ಹಿಟ್ಟನ್ನೆಲ್ಲ ಉಬ್ಬಿಸುವ ಹುಳಿಯಂತೆ ಈ ಮಲೆನಾಡಿನ ಜನರ ನಡುವೆ ನಮ್ಮ ಧರ್ಮಕೇಂದ್ರವು ಇನ್ನೊಂದು ನೂರು ವರ್ಷ ಬಾಳಲೆಂದು ಪರಮದಯಾಳುವಾದ ದೇವರಲ್ಲಿ ಪ್ರಾರ್ಥಿಸುತ್ತ, ಮಾತೆ ಮರಿಯಮ್ಮನವರ ಆಶ್ರಯಕ್ಕೆ ನಿಮ್ಮೆಲ್ಲರನ್ನೂ ಒಪ್ಪಿಸುತ್ತೇವೆ.

ವಿಚಾರಣಾ ಗುರುಗಳು